ತೋಳಿಗೊಂದು ಕಲ್ಲಿನ ಬಳೆ: ತುವಾರೆಗ್ ಗಂಡಸರ ಆಭರಣ ತಯಾರಾಗುವ ಬಗೆ

ಲೋಹದ ಬಳೆ ಸಣ್ಣದಾದರೆ ಅಕ್ಕಸಾಲಿ ಹಿಗ್ಗಿಸಿಕೊಡುತ್ತಾನೆ, ದೊಡ್ಡದಾದರೆ ಒತ್ತಿಕೊಡುತ್ತಾನೆ, ಮುರಿದರೆ ಬೆಸುಗೆ ಹಾಕುತ್ತಾನೆ. ಏರಿಸಲು ಆಗದಿದ್ದರೆ ತಿರುಪಿನ ಕೊಂಡಿ ಇಡುತ್ತಾನೆ. ಕಲ್ಲಿನ ಬಳೆಗೆ ಈ ಸೌಕರ್ಯ ಒಂದೂ ಇಲ್ಲ. ಅದು ಹಿಗ್ಗದು, ಕುಗ್ಗದು, ಕೊಂಡಿ ತಾಳದು. ಒಂದೇ ಬಂಡೆಯಿಂದ ಇಡೀ ಸುತ್ತು ಬರಬೇಕು, ಮುಂಗೈ ದಾಟಿ ಮೊಣಕೈ ಮೇಲೆ ಕೂರಬೇಕು, ಅಲ್ಲಿ ವರ್ಷಗಟ್ಟಲೆ ಒಡೆಯದೆ ಇರಬೇಕು. ಸಹಾರಾದ ತುವಾರೆಗ್ ಗಂಡಸರು ತೋಳಿಗೆ ಹಾಕುವ ಕಪ್ಪು ಕಲ್ಲಿನ ಬಳೆ ಮೇಲುನೋಟಕ್ಕೆ ತೀರಾ ಸರಳ ವಸ್ತು. ಹೂವಿಲ್ಲ, ಹರಳಿಲ್ಲ, ಬಹಳಷ್ಟರಲ್ಲಿ ಕೆತ್ತನೆಯೂ ಇಲ್ಲ. ಆದರೆ ಅದರ ದಪ್ಪ, ಅಂಚಿನ ಇಳಿಜಾರು, ಒಳಗಿನ ದುಂಡು, ಮೈಯ ಕಪ್ಪು, ಎಲ್ಲದಕ್ಕೂ ಕಲ್ಲಿನ ಗುಣದಲ್ಲೇ ಕಾರಣವಿದೆ.

ತುವಾರೆಗರ ನಾಡು ನೈಜರ್, ಮಾಲಿ, ಅಲ್ಜೀರಿಯಾ, ಲಿಬಿಯಾ, ಬುರ್ಕಿನಾ ಫಾಸೊ ದೇಶಗಳಲ್ಲಿ ಹಂಚಿಹೋಗಿದೆ. ಒಂಟೆ, ಆಡು, ಕುರಿಗಳ ಹಿಂದೆ ತಿರುಗಿದ ಜನ. ಇವರಲ್ಲಿ ಮುಖ ಮುಚ್ಚಿಕೊಳ್ಳುವವರು ಗಂಡಸರು. ತಗೆಲ್ಮುಸ್ತ್ ಎಂಬ ಉದ್ದನೆಯ ಬಟ್ಟೆಯನ್ನು ತಲೆಗೂ ಮುಖಕ್ಕೂ ಸುತ್ತಿ ಕಣ್ಣಷ್ಟೇ ಕಾಣುವಂತೆ ಬಿಡುತ್ತಾರೆ. ಗಂಡಸಿನ ಒಡವೆ ಬಹಳ ಕಡಿಮೆ: ಕೊರಳಲ್ಲಿ ಚರ್ಮದ ಅಥವಾ ಲೋಹದ ತಾಯಿತದ ಡಬ್ಬಿ, ಬೆರಳಿಗೆ ಬೆಳ್ಳಿಯ ಉಂಗುರ, ತೋಳಿಗೆ ಈ ಕಲ್ಲಿನ ಬಳೆ. ಚಿನ್ನವನ್ನು ಗಂಡಸರು ಹಾಕುವುದಿಲ್ಲ. ಬಳೆಗೆ ಅವರ ಭಾಷೆಯಲ್ಲಿರುವ ಹೆಸರುಗಳಲ್ಲಿ ಅಹ್‌ಬೆಗ್ ಎಂಬುದು ಒಂದು. ಊರಿನಿಂದ ಊರಿಗೆ ಹೆಸರೂ ಉಚ್ಚಾರವೂ ಬದಲಾಗುತ್ತವೆ.

ಕಲ್ಲಿನ ಬಳೆ ತುವಾರೆಗರು ಕಂಡುಹಿಡಿದದ್ದೇನೂ ಅಲ್ಲ. ಸಹಾರಾ ಮತ್ತು ಅದರ ತೆಂಕಣ ಅಂಚಿನ ಸಹೇಲ್ ಪ್ರದೇಶದ ನವಶಿಲಾಯುಗದ ನೆಲೆಗಳಲ್ಲಿ ಕಲ್ಲಿನ ಬಳೆಯ ತುಂಡುಗಳು ಸಿಕ್ಕಿವೆ. ಮರುಭೂಮಿ ಇಷ್ಟು ಒಣಗುವ ಮೊದಲೇ ಅಲ್ಲಿನವರಿಗೆ ಈ ಕಸುಬು ಗೊತ್ತಿತ್ತು. ಆ ಜನಕ್ಕೂ ಇವತ್ತಿನವರಿಗೂ ನೇರ ಕೊಂಡಿ ಕಟ್ಟುವುದು ಆತುರದ ಮಾತಾದೀತು. ಇಷ್ಟಂತೂ ನಿಜ: ಕಬ್ಬಿಣ ಬಂದ ಮೇಲೆ, ಬೆಳ್ಳಿ ಬಂದ ಮೇಲೂ ಇಲ್ಲಿ ಕಲ್ಲಿನ ಬಳೆ ಉಳಿದುಕೊಂಡಿತು.

ಎಂಥ ಕಲ್ಲು

ಉತ್ತರ ನೈಜರ್‌ನ ಅಯಿರ್ ಬೆಟ್ಟಸಾಲು ಈ ಬಳೆಗಳಿಗೆ ಹೆಸರಾದ ಜಾಗ. ಅಗಾಡೆಜ್ ಪಟ್ಟಣ ಅದರ ತೆಂಕಣ ತಪ್ಪಲಿನಲ್ಲಿದೆ. ಅಲ್ಲಿ ಬಳಸುವುದು ಮೆತ್ತನೆಯ, ಪದರುಪದರಾದ ಶಿಲೆ: ಶಿಸ್ಟ್, ಬಳಪದ ಕಲ್ಲಿನ ಜಾತಿಯವು, ಸರ್ಪೆಂಟೈನ್. ಬೇಲೂರು, ಹಳೇಬೀಡು ನೋಡಿದವರಿಗೆ ಈ ಕುಟುಂಬದ ಪರಿಚಯ ಇದ್ದೇ ಇದೆ. ಹೊಯ್ಸಳ ಶಿಲ್ಪಿಗಳು ಹಿಡಿದ ಕ್ಲೋರೈಟ್ ಶಿಸ್ಟ್ ಕೂಡ ಉಳಿಗೆ ಸುಲಭವಾಗಿ ಬಗ್ಗುವ, ಉಜ್ಜಿದರೆ ಕನ್ನಡಿಯಂತಾಗುವ ಕಲ್ಲೇ. ಒಂದು ವ್ಯತ್ಯಾಸವಿದೆ: ಹೊಯ್ಸಳರ ಕಂಬಗಳನ್ನು ತಿರುಗಣೆಗೆ ಕೊಟ್ಟು ದುಂಡು ಮಾಡಿದರು. ಅಯಿರ್‌ನ ಬಳೆಗಾರನಿಗೆ ತಿರುಗಣೆ ಇಲ್ಲ, ಪೂರ್ತಿ ಕೈಯಳತೆಯ ಕೆಲಸ.

ಎರಡನೆಯ ಕೇಂದ್ರ ಮಾಲಿಯ ಹೊಂಬೊರಿ. ಮಾಲಿ ದೇಶದ ಅತಿ ಎತ್ತರದ ಜಾಗವಾದ 1,155 ಮೀಟರಿನ ಹೊಂಬೊರಿ ಟೊಂಡೊ ಇರುವುದು ಇಲ್ಲೇ. ಸೊಂಘಾಯ್ ಮಾತಾಡುವ ಈ ಊರಿನವರ ಕಸುಬು ಗೆರೆಗೆರೆಯ ಅಮೃತಶಿಲೆಯ ಬಳೆ. ಕೊಳ್ಳುವವರು ಸುತ್ತಲಿನ ದನಗಾಹಿ ಜನ. ಅಯಿರ್‌ನಲ್ಲಿ ಕಪ್ಪು ಮೈ ಚೆಂದವಾದರೆ ಹೊಂಬೊರಿಯಲ್ಲಿ ಕಲ್ಲಿನ ಗೆರೆಯೇ ಚೆಂದ.

ಯಾಕೆ ಈ ಕಲ್ಲುಗಳೇ ಎಂಬುದನ್ನು ಗಡಸುತನದ ಲೆಕ್ಕ ಹೇಳುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಟಾಲ್ಕ್, ಅಂದರೆ ಬಳಪದ ಕಲ್ಲಿನ ಮುಖ್ಯ ಖನಿಜ, 1ನೇ ಮೆಟ್ಟಿಲು. ಉಗುರು ಸುಮಾರು 2.5. ಅಮೃತಶಿಲೆಯ ಕ್ಯಾಲ್ಸೈಟ್ 3. ಸರ್ಪೆಂಟೈನ್ ಸಾಮಾನ್ಯವಾಗಿ 3ರಿಂದ 4ರ ಆಸುಪಾಸು. ಒಳ್ಳೆಯ ಚಾಕುವಿನ ಉಕ್ಕು 5.5ರ ಹತ್ತಿರ. ಮರುಭೂಮಿಯ ಮರಳಿನಲ್ಲಿ ಹೇರಳವಾಗಿರುವ ಬೆಣಚು 7. ಕಬ್ಬಿಣದ ಮೊನೆಗೆ ಸೋಲುವ, ಮರಳಿಗೆ ಸವೆಯುವ ಕಲ್ಲು ಬೇಕು, ಮತ್ತು ಕಾಲಡಿಯಲ್ಲಿ ಬೇಕಾದಷ್ಟು ಮರಳಿದೆ. ಗ್ರಾನೈಟಿನಲ್ಲೂ ಬೆಣಚು ಇರುವುದರಿಂದ ಮರಳು ಅದನ್ನು ಸವೆಸುವುದು ತುಂಬಾ ನಿಧಾನ. ಜೊತೆಗೆ ಅದರ ಹರಳು ಹರಳಾದ ಮೈ ತೆಳ್ಳನೆಯ ಅಂಚಿನಲ್ಲಿ ಉದುರುತ್ತದೆ. ಶುದ್ಧ ಟಾಲ್ಕ್ ಆದರೆ ಇನ್ನೊಂದು ತೊಂದರೆ. ಉಗುರೇ ಗೀರುವಷ್ಟು ಮೆತ್ತಗಿರುವ ಬಳೆ ಬಟ್ಟೆಯ ತಿಕ್ಕಾಟಕ್ಕೇ ಸವೆಯುತ್ತದೆ. ಕ್ಲೋರೈಟ್, ಸರ್ಪೆಂಟೈನ್ ಬೆರೆತ, ನಡುವಿನ ಗಡಸಿನ ಕಲ್ಲೇ ಸರಿಯಾದದ್ದು.

ಕಲ್ಲನ್ನು ಆರಿಸುವಾಗ ಬಣ್ಣಕ್ಕಿಂತ ಸದ್ದು ಮುಖ್ಯ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ತೆಳುವಾಗಿ ಮೊಳಗುತ್ತದೆ. ಒಳಬಿರುಕು ಇದ್ದರೆ 'ದಬ್' ಎಂದು ಸದ್ದು ಅಲ್ಲೇ ಸಾಯುತ್ತದೆ. ನೀರಿನಲ್ಲಿ ಅದ್ದಿ ತೆಗೆದರೆ ಮೇಲ್ಮೈ ಬೇಗ ಒಣಗುತ್ತದೆ, ಬಿರುಕಿನ ಗೆರೆ ಮಾತ್ರ ಒದ್ದೆಯಾಗಿ ಉಳಿದು ಕಾಣಿಸಿಕೊಳ್ಳುತ್ತದೆ.

ಪದರದ ದಿಕ್ಕು

ಪದರು ಕಲ್ಲಿನಲ್ಲಿ ಬಳೆ ಮಾಡುವವರ ಕೆಲಸದ ಅರ್ಧ ಭಾಗ ಇಲ್ಲೇ ಇದೆ. ಶಿಸ್ಟ್ ಕಲ್ಲಿನ ಖನಿಜದ ಹಾಳೆಗಳು ಒಂದೇ ದಿಕ್ಕಿನಲ್ಲಿ ಮಲಗಿರುತ್ತವೆ. ಬಳೆಯ ಚಪ್ಪಟೆ ಮುಖ ಆ ಹಾಳೆಗಳಿಗೆ ಸಮಾನಾಂತರವಾಗಿ ಬರುವಂತೆ ಬಿಲ್ಲೆ ತೆಗೆಯಬೇಕು. ಆಗ ಪ್ರತಿ ಪದರವೂ ಬಳೆಯ ಸುತ್ತಲೂ ಮುರಿಯದೆ ಓಡುತ್ತದೆ, ಅಂದರೆ ಒಂದರ ಮೇಲೊಂದು ಇಟ್ಟ ತೆಳುಬಳೆಗಳ ಕಟ್ಟಿನಂತೆ ಬಲ ಸಿಗುತ್ತದೆ. ಬಿಲ್ಲೆಯನ್ನು ಅಡ್ಡಲಾಗಿ ತೆಗೆದರೆ ಪದರಗಳು ಸುತ್ತಿನ ಎರಡು ಕಡೆ ಬಳೆಯನ್ನು ಅಡ್ಡ ಕತ್ತರಿಸಿ ಹೋಗುತ್ತವೆ. ಬಳೆ ಒಡೆಯುವುದು ಆ ಎರಡು ಜಾಗದಲ್ಲೇ, ಬಹುಪಾಲು ಕೆಲಸ ಮುಗಿಯುವ ಮೊದಲೇ.

ಸರಿಯಾದ ದಿಕ್ಕಿಗೂ ಒಂದು ದಂಡವಿದೆ: ಮೇಲಿನ ಅಥವಾ ಕೆಳಗಿನ ಮುಖದಿಂದ ಚಕ್ಕೆ ಏಳುತ್ತದೆ. ಅದಕ್ಕೆ ಅಂಚನ್ನು ಚೂಪು ಮೂಲೆಯಾಗಿ ಬಿಡದೆ ಇಳಿಜಾರು ಮಾಡುತ್ತಾರೆ. ಮೂಲೆ ಇಲ್ಲದಿದ್ದರೆ ಪದರಕ್ಕೆ ಏಳಲು ಹಿಡಿ ಸಿಗುವುದಿಲ್ಲ. ನಾವು ಅಲಂಕಾರ ಎಂದುಕೊಳ್ಳುವ ಹೊರ ಅಂಚಿನ ಏಣು ಮತ್ತು ಅದರ ಎರಡೂ ಬದಿಯ ಇಳಿಜಾರು ಬಳೆಯನ್ನು ಕಾಯುವ ಉಪಾಯವೂ ಹೌದು.

ಬಂಡೆಯಿಂದ ಬಳೆಗೆ

ಮಾಡುವವರು ಇನಾಡನ್. ತುವಾರೆಗ್ ಸಮಾಜದ ಕುಶಲಕರ್ಮಿಗಳ ಕುಲ ಇದು: ಕತ್ತಿ, ಬೀಗ, ಬೆಳ್ಳಿಯ ಶಿಲುಬೆಯಂಥ ಪದಕ, ಒಂಟೆಯ ಜೀನು, ಮರದ ಸೌಟು ಎಲ್ಲವೂ ಇವರ ಕೈಯಿಂದಲೇ ಬರಬೇಕು, ಚರ್ಮದ ಕೆಲಸ ಈ ಕುಲದ ಹೆಂಗಸರದು. ಬೆಂಕಿ, ಕಬ್ಬಿಣ ಮುಟ್ಟುವ ಇವರ ಬಗ್ಗೆ ಉಳಿದವರಿಗೆ ಒಂದಿಷ್ಟು ಭಯವೂ ಇತ್ತು, ಆದರೆ ಇವರಿಲ್ಲದೆ ಮದುವೆಯೂ ಸಾಗುತ್ತಿರಲಿಲ್ಲ. ಬಡಿಗ, ಕಮ್ಮಾರ, ಅಕ್ಕಸಾಲಿ ಬೇರೆಬೇರೆಯಾಗಿರುವ ನಮ್ಮ ಕಡೆಯ ಲೆಕ್ಕದಲ್ಲಿ ನೋಡಿದರೆ ಇಷ್ಟು ಕಸುಬು ಒಂದೇ ಮನೆಯಲ್ಲಿರುವುದು ವಿಚಿತ್ರ. ಅಲೆಮಾರಿಗಳಿಗೆ ಬೇರೆ ದಾರಿಯೂ ಇರಲಿಲ್ಲ, ಗುಡಾರದ ಜೊತೆ ಎಷ್ಟು ಕಾರ್ಖಾನೆ ಹೊರಲು ಸಾಧ್ಯ?

ಕೆಲಸದ ಸಾಮಾನ್ಯ ಕ್ರಮ ಹೀಗೆ. ಒಡೆದ ಹಲಗೆಕಲ್ಲನ್ನು ಬಾಚಿಯಿಂದ ಕೊಚ್ಚಿ ದಪ್ಪ ಬಿಲ್ಲೆ ಮಾಡುತ್ತಾರೆ. 12 ಸೆಂಟಿಮೀಟರ್ ಅಡ್ಡಳತೆಯ ಬಳೆ ಬೇಕಿದ್ದರೆ ಬಿಲ್ಲೆ 14ರಷ್ಟಾದರೂ ಇರಲಿ, ದಪ್ಪದಲ್ಲೂ ಅರ್ಧ ಸೆಂಟಿಮೀಟರ್ ಹೆಚ್ಚಿರಲಿ. ಸವೆದು ಹೋಗುವ ಪಾಲು ಅಷ್ಟಿರುತ್ತದೆ. ಆಮೇಲೆ ನಡುವೆ ತೂತು. ಕಬ್ಬಿಣದ ಮೊನೆಯಿಂದ ಒಂದು ಮುಖದಲ್ಲಿ ಬಟ್ಟಲಿನಂತೆ ತೋಡುತ್ತಾ ಅರ್ಧ ದಪ್ಪಕ್ಕೆ ಬಂದು, ತಿರುಗಿಸಿ ಇನ್ನೊಂದು ಮುಖದಿಂದ ತೋಡುತ್ತಾರೆ. ಎರಡು ಬಟ್ಟಲುಗಳ ತಳ ನಡುವೆ ಕೂಡಿದಾಗ ತೂತು ತೆರೆಯುತ್ತದೆ. ಒಂದೇ ಕಡೆಯಿಂದ ತೂತು ಹೊಡೆದರೆ ಮೊನೆ ಹೊರಬೀಳುವ ಮುಖದಲ್ಲಿ ದೊಡ್ಡ ಚಕ್ಕೆ ಹಾರುತ್ತದೆ. ಅದು ಬಳೆಯ ಪಟ್ಟಿಯವರೆಗೆ ಹರಿದರೆ ಆ ಕಲ್ಲು ಕೆಟ್ಟಿತೆಂದೇ ಲೆಕ್ಕ.

ತೂತು ತೆರೆದ ಮೇಲೆ ಒಳಗಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಅಗಲಿಸುತ್ತಾರೆ. ಇಲ್ಲಿ ತಾಳ್ಮೆ ಕೆಟ್ಟರೆ ಕಲ್ಲು ಕೈಕೊಡುತ್ತದೆ. ಪಟ್ಟಿ ಅಗಲವಾಗಿರುವಷ್ಟು ಹೊತ್ತು ಬಿಲ್ಲೆ ಪೆಟ್ಟು ತಡೆಯುತ್ತದೆ. ಎರಡು ಸೆಂಟಿಮೀಟರಿಗಿಂತ ಕಡಿಮೆಯಾಗುತ್ತಾ ಬಂದಂತೆ ಪೆಟ್ಟು ನಿಲ್ಲಿಸಿ ಕೆರೆಯುವುದಕ್ಕೆ, ಅರದಲ್ಲಿ ತಿಕ್ಕುವುದಕ್ಕೆ ಇಳಿಯಬೇಕು. ಹೊರಗಿನ ಸುತ್ತನ್ನು ಮೊದಲೇ ಸಣ್ಣದು ಮಾಡಿಕೊಂಡರೆ ಒಳಗೆ ತೋಡುವಾಗ ಆಸರೆಯೇ ಇರುವುದಿಲ್ಲ. ಆದ್ದರಿಂದ ಒಳಗು ಮೊದಲು, ಹೊರಗು ಆಮೇಲೆ. ಕೆಲಸದ ಉದ್ದಕ್ಕೂ ಬಿಲ್ಲೆ ಗಟ್ಟಿ ಬಂಡೆಯ ಮೇಲಿರದೆ ಮರಳು ಅಥವಾ ಬಟ್ಟೆಯ ಮೇಲೆ ಕೂತಿರಬೇಕು. ತಳದಲ್ಲಿ ಒಂದೇ ಬಿಂದು ತಾಗಿಕೊಂಡಿದ್ದರೆ ಮೇಲಿನ ಪೆಟ್ಟು ಅಲ್ಲಿಗೇ ಬಿರುಕು ಕಳಿಸುತ್ತದೆ.

ಕೊನೆಯದು ಮರಳು ಮತ್ತು ನೀರು. ಒರಟು ಮರಳಿನಿಂದ ಶುರುಮಾಡಿ ನುಣ್ಣನೆಯದಕ್ಕೆ ಇಳಿಯುತ್ತಾ ಹೋಗುವುದು. ಒಳಮೈಗೆ ಹೆಚ್ಚು ಹೊತ್ತು ಬೇಕು, ಚರ್ಮಕ್ಕೆ ತಾಗುವುದು ಅದೇ. ಎರಡು ಬಟ್ಟಲು ಕೂಡಿದ ಕಡೆ ಉಳಿದ ಏಣನ್ನು ಪೂರ್ತಿ ತೆಗೆದು ದುಂಡಗೆ ಮಾಡದಿದ್ದರೆ ಬಳೆ ತೋಳನ್ನು ಕಚ್ಚುತ್ತದೆ. ಹಳೆಯ ಬಳೆಗಳಲ್ಲಿ ಒಳಗೆ ಬೆರಳಾಡಿಸಿದರೆ ನಡುವೆ ಸಣ್ಣ ಉಬ್ಬು ಕೆಲವೊಮ್ಮೆ ಇನ್ನೂ ಸಿಗುತ್ತದೆ.

ಕಪ್ಪು ಬರುವುದು ಹೇಗೆ

ಕೆತ್ತಿ ಮುಗಿದ ಕಲ್ಲಿನ ಬಣ್ಣ ಬೂದು ಅಥವಾ ಹಸಿರುಬೂದು. ಅಂಗಡಿಯಲ್ಲಿ, ವಸ್ತುಸಂಗ್ರಹಾಲಯದಲ್ಲಿ ಕಾಣುವ ಕಡುಗಪ್ಪು ಬೆಂಕಿ ಮತ್ತು ಜಿಡ್ಡಿನ ಕೆಲಸ. ಬಳೆಗೆ ಬೆಣ್ಣೆಯೋ ಪ್ರಾಣಿಯ ಕೊಬ್ಬೋ ಸವರಿ ಕಾಯಿಸುತ್ತಾರೆ. ಜಿಡ್ಡು ಕಲ್ಲಿನ ಸೂಕ್ಷ್ಮ ಸಂದುಗಳಿಗೆ ಇಳಿದು, ಅಲ್ಲೇ ಕರಕಾಗಿ, ಇಂಗಾಲವಾಗಿ ಕೂರುತ್ತದೆ. ಹೊಸ ದೋಸೆ ಕಾವಲಿಯನ್ನು ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುವುದು ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಒಮ್ಮೆಗೇ ದಪ್ಪಗೆ ಬಳಿದರೆ ಅಂಟಂಟಾಗುತ್ತದೆ, ತೆಳುವಾಗಿ ಹಲವು ಸಲ ಮಾಡಿದರೆ ಹಿಡಿಯುತ್ತದೆ. ಅದೂ ಕಾವಲಿಯ ಹಾಗೆಯೇ.

ಕೆಡುವುದು ಮೂರು ಕಡೆ. ಮರಳು ನೀರಿನಲ್ಲಿ ಉಜ್ಜಿದ ಬಳೆಯನ್ನು ಚೆನ್ನಾಗಿ ಒಣಗಿಸದೆ ಬೆಂಕಿಗಿಟ್ಟರೆ ಪದರದೊಳಗಿನ ನೀರು ಆವಿಯಾಗಿ ಚಕ್ಕೆ ಸಿಡಿಸುತ್ತದೆ. ಒಂದೇ ಬದಿಗೆ ಕಾವು ತಾಗಿದರೆ ಆ ಬದಿ ಹಿಗ್ಗಿ ಇನ್ನೊಂದು ಬದಿ ತಣ್ಣಗೇ ಉಳಿದು ಬಳೆ ಸೀಳುತ್ತದೆ, ಹಾಗಾಗಿ ಸುತ್ತಲೂ ಸಮನಾದ ನಿಧಾನ ಕಾವೇ ಬೇಕು, ತಣಿಯುವುದೂ ಬೂದಿಯಲ್ಲಿ ನಿಧಾನವಾಗಿಯೇ ಆಗಬೇಕು. ಮೂರನೆಯದು ಅತಿ ಕಾವು. ಜಿಡ್ಡು ಕರಕಾಗಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಸಾಕು. 500 ದಾಟಿ ಗಾಳಿಯೂ ತಾಗಿದರೆ ಇಂಗಾಲವೇ ಸುಟ್ಟುಹೋಗಿ ಬಳೆ ಮತ್ತೆ ಬೂದಾಗುತ್ತದೆ. ಇನ್ನೂ ಮೇಲೆ, 600ರ ಆಸುಪಾಸಿನಲ್ಲಿ ಸರ್ಪೆಂಟೈನ್ ತನ್ನ ಹರಳಿನೊಳಗಿನ ನೀರನ್ನೇ ಬಿಟ್ಟುಕೊಟ್ಟು ಪೊಳ್ಳಾಗುತ್ತದೆ. ಅಮೃತಶಿಲೆಯನ್ನು 800 ಡಿಗ್ರಿಯ ಮೇಲೆ ಹೊತ್ತುಗಟ್ಟಲೆ ಕಾಯಿಸಿದರೆ ಅದು ಸುಣ್ಣ.

ಈ ಕಪ್ಪು ಮೇಲುಮೇಲಿನದು. ಸೂಜಿಯಿಂದ ಗೀರಿದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಅದನ್ನೇ ಉಪಯೋಗಿಸಿಕೊಂಡು ಕೆಲವು ಬಳೆಗಳ ಮೇಲೆ ತುವಾರೆಗರ ತಿಫಿನಾಗ್ ಲಿಪಿಯಲ್ಲಿ ಬರೆದಿರುತ್ತಾರೆ. ಗೆರೆ, ಚುಕ್ಕಿ, ವೃತ್ತಗಳ ಈ ಲಿಪಿ ಗೀರುವುದಕ್ಕೆ ಹೇಳಿ ಮಾಡಿಸಿದಂತಿದೆ. ಬರಹಗಳು ಚಿಕ್ಕವು: ಹೆಸರು, ಯಾರಿಂದ ಯಾರಿಗೆ ಎಂಬ ಮಾತು, 'ಇದು ನಾನು, ಇಂಥವನು' ಎಂಬ ಅರ್ಥದ 'ಅವ ನೆಕ್' ಎಂಬ ಶುರು. ಹಳೆಯ ತಿಫಿನಾಗ್‌ನಲ್ಲಿ ಸ್ವರಗಳನ್ನು ಬಹುಮಟ್ಟಿಗೆ ಬರೆಯುವುದಿಲ್ಲ, ಪದಗಳ ನಡುವೆ ಜಾಗ ಬಿಡುವುದಿಲ್ಲ, ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಎಂಬ ಕಟ್ಟೂ ಇಲ್ಲ. ಸಾಲದ್ದಕ್ಕೆ ಬಳೆಯ ಸುತ್ತಿಗೆ ತುದಿಮೊದಲಿಲ್ಲ. ಬಲ್ಲವರೂ ತಡವರಿಸುವುದು ಸಹಜ.

ಅಳತೆ

ಬಳೆ ಕೂರುವ ಜಾಗ ಮೊಣಕೈ ಮೇಲೆ, ತೋಳಿನ ಸ್ನಾಯು ಉಬ್ಬುವುದಕ್ಕಿಂತ ಕೆಳಗೆ. ಹೆಬ್ಬೆರಳು ಮಡಚಿದಾಗ ಅಂಗೈಯ ಅಗಲವಾದ ಕಡೆ ಸುತ್ತಳತೆ 24 ಸೆಂಟಿಮೀಟರ್ ಇದ್ದರೆ ಅದು ದಾಟಲು 7.6 ಸೆಂಟಿಮೀಟರ್ ಒಳಅಡ್ಡಳತೆ ಸಾಕು. ಆದರೆ ಅಡ್ಡಿ ಅಂಗೈಯಲ್ಲಿಲ್ಲ. ಮುಂಗೈಯ ದಪ್ಪ ಭಾಗ ಮತ್ತು ಮೊಣಕೈ 27 ಇದ್ದರೆ ಬೇಕಾದದ್ದು 8.6. ಕೈ ನೀಟಾಗಿ ಚಾಚಿ, ಸಡಿಲ ಬಿಟ್ಟು, ಬೇಕಿದ್ದರೆ ಎಣ್ಣೆ ಸವರಿ ಏರಿಸಬೇಕು. ಮಡಚಿದ ಮೊಣಕೈ ಇನ್ನೂ ದಪ್ಪ, ಅಲ್ಲಿ ತಳ್ಳಿದರೆ ಸಿಕ್ಕಿಕೊಳ್ಳುವುದು ಖಂಡಿತ. ಸಣ್ಣದಾದ ಬಳೆ ಭಾರ ಎತ್ತುವಾಗ ತೋಳನ್ನು ಹಿಸುಕುತ್ತದೆ. ದೊಡ್ಡದಾದದ್ದು ಕೈ ಇಳಿಬಿಟ್ಟಾಗ ಜಾರಿ ಮೊಣಕೈ ಮೂಳೆಗೂ ಒಂಟೆಯ ಜೀನಿಗೂ ಬಡಿದು ಅಂಚು ಕಳೆದುಕೊಳ್ಳುತ್ತದೆ. ಅರ್ಧ ಸೆಂಟಿಮೀಟರಿನ ಈ ಆಟದಲ್ಲಿ ಮಾಡುವವನಿಗೆ ತಪ್ಪಲು ಒಂದೇ ದಿಕ್ಕು ಉಳಿದಿದೆ: ಸಣ್ಣದಾದರೆ ಇನ್ನಷ್ಟು ತಿಕ್ಕಬಹುದು, ದೊಡ್ಡದಾದರೆ ಏನೂ ಮಾಡಲಾಗದು.

ತೂಕವನ್ನೂ ನೋಡೋಣ. ಹೊರಗೆ 12, ಒಳಗೆ 9, ದಪ್ಪ 1.5 ಸೆಂಟಿಮೀಟರಿನ ಬಳೆಯ ಗಾತ್ರ ಸುಮಾರು 74 ಘನ ಸೆಂಟಿಮೀಟರ್. ಕಲ್ಲಿನ ಸಾಂದ್ರತೆ 2.7 ಎಂದರೆ 200 ಗ್ರಾಂ. ಅಂಚು ಇಳಿಸಿದ ಮೇಲೆ ಇನ್ನೂ ಕಡಿಮೆ. ಅದೇ ಗಾತ್ರದ ಬೆಳ್ಳಿ ಬಳೆ 780 ಗ್ರಾಂ ಆದೀತು. ನೋಡಲು ದಪ್ಪ, ಹೊರಲು ಹಗುರ.

ಮೊಣಕೈ ಮೇಲೆಯೇ ಯಾಕೆ ಎಂಬುದಕ್ಕೆ ಒಂದು ಆಯುಧವೂ ಕಾರಣವಾಗಿ ಕಾಣುತ್ತದೆ. ತುವಾರೆಗ್ ಗಂಡಸು ಎಡ ಮುಂಗೈಗೆ ತೆಲೆಕ್ ಎಂಬ ಬಾಕು ಕಟ್ಟುತ್ತಿದ್ದ, ಹಿಡಿ ಅಂಗೈ ಕಡೆಗೆ. ಬಲಗೈ ಒಂದೇ ಎಳೆತಕ್ಕೆ ಅದನ್ನು ಕೀಳಬೇಕು. ಮುಂಗೈಯಲ್ಲಿ ದಪ್ಪ ಕಲ್ಲಿದ್ದರೆ ಆ ಕೆಲಸ ಆಗದು.

ಈ ಬಳೆ ಕತ್ತಿಯೇಟು ತಡೆಯುತ್ತದೆ, ಮಲ್ಲಯುದ್ಧದಲ್ಲಿ ಎದುರಾಳಿಯ ತಲೆಯನ್ನು ಕಂಕುಳಲ್ಲಿ ಹಿಡಿದು ಬಳೆಗೆ ಒತ್ತಿ ನುಜ್ಜುಗುಜ್ಜು ಮಾಡಬಹುದು ಎಂಬ ವಿವರಣೆಗಳು ಪ್ರವಾಸಿಗಳ ಬರಹಗಳಿಂದ ಹರಾಜು ಮನೆಗಳ ಪುಸ್ತಿಕೆಗಳವರೆಗೆ ಓಡಾಡುತ್ತಿವೆ. ಎರಡನೆಯದು ಅಸಾಧ್ಯವೇನಲ್ಲ, ಗಟ್ಟಿ ಅಂಚು ಕಪಾಲಕ್ಕೆ ಒತ್ತಿದರೆ ನೋವಂತೂ ಆಗುತ್ತದೆ. ಮೊದಲನೆಯದನ್ನು ನಂಬುವುದು ಕಷ್ಟ. ಒಂದೂವರೆ ಸೆಂಟಿಮೀಟರ್ ಪಟ್ಟಿ ಇಡೀ ತೋಳಿನಲ್ಲಿ ಎಷ್ಟನ್ನು ಕಾಯುತ್ತದೆ? ಏಟು ತಡೆಯಲು ಅವರಿಗೆ ಓರಿಕ್ಸ್ ಜಿಂಕೆಯ ಚರ್ಮದ ದೊಡ್ಡ ಗುರಾಣಿಯಿತ್ತು. ಟಕೂಬಾ ಕತ್ತಿಯ ಏಟು ಬಳೆಯ ಮೇಲೇ ಬಿದ್ದಿದ್ದರೂ ಆ ಮೆತ್ತನೆ ಕಲ್ಲು ಚೂರಾಗಿ ತೋಳಿಗೇ ನಾಟುತ್ತಿತ್ತು. ಬಳೆ ತೋಳಿಗೆ ಬಲ ಕೊಡುತ್ತದೆ ಎಂಬ ನಂಬಿಕೆ ಬೇರೆ ಮಾತು. ತಾಯಿತ ಕಟ್ಟುವ ಯಾರಿಗೂ ಅದು ಅರ್ಥವಾಗುತ್ತದೆ.

ಒಡೆದರೆ

ಒಡೆದ ಬಳೆಯನ್ನು ಎಸೆಯದೆ ಹೊಲಿದು ಉಳಿಸಿಕೊಂಡ ಉದಾಹರಣೆಗಳು ಸಂಗ್ರಹಗಳಲ್ಲಿ ಬೇಕಾದಷ್ಟಿವೆ. ಒಡಕಿನ ಎರಡೂ ಬದಿಗೆ ತೂತು ಕೊರೆದು ತಂತಿ ಬಿಗಿಯುವುದು ಒಂದು ದಾರಿ. ಒಡಕಿನ ಮೇಲೆ ಹಿತ್ತಾಳೆ ಅಥವಾ ಬೆಳ್ಳಿಯ ತಗಡು ಸುತ್ತಿ ಮಡಚುವುದು ಇನ್ನೊಂದು. ತೂತು ಒಡಕಿಗೆ ತೀರಾ ಹತ್ತಿರವಿದ್ದರೆ ತಂತಿ ಬಿಗಿದ ಕೂಡಲೇ ಕಲ್ಲು ಕಿತ್ತು ಬರುತ್ತದೆ. ತೂತಿನ ಅಗಲದ ಎರಡು ಮೂರು ಪಟ್ಟಾದರೂ ದೂರ ಬೇಕು. ಚೆನ್ನಾಗಿ ತಗಡು ಹಾಕಿದ ಬಳೆ ಹೊಸದಕ್ಕಿಂತ ಅಂದವಾಗಿ ಕಾಣುವುದುಂಟು. ಎಷ್ಟೋ ಮಂದಿ ಅದನ್ನು ಅಲಂಕಾರವೆಂದೇ ತಿಳಿಯುತ್ತಾರೆ.

ನಕಲು, ಕೊಳ್ಳುವಿಕೆ, ಜೋಪಾನ

1970ರ ದಶಕದ ಮೊದಲ ವರ್ಷಗಳ ಬರಗಾಲ, ಆಮೇಲೆ 1984ರ ಬರಗಾಲ ಸಹೇಲ್‌ನ ಜಾನುವಾರುಗಳನ್ನು ಬಳಿದುಕೊಂಡು ಹೋದವು. ಮಂದೆ ಕಳೆದುಕೊಂಡ ಮನೆಗಳಿಂದ ಒಡವೆ ಪೇಟೆಗೆ ಬಂತು. ಇನಾಡನ್ ಕುಶಲಕರ್ಮಿಗಳೂ ಊರು ಸೇರಿ ಪ್ರವಾಸಿಗಳಿಗೆ ಮಾಡತೊಡಗಿದರು. 2012ರ ನಂತರದ ಮಾಲಿಯ ಅಶಾಂತಿ ಹೊಂಬೊರಿ ಕಡೆಯ ಪ್ರವಾಸವನ್ನೂ ನಿಲ್ಲಿಸಿತು. ಹೊರಗಿನಿಂದ ತಯಾರಾಗಿ ಬರುವ ಒಡವೆ ಮಾತ್ರ ಅಲ್ಲಿಗೆ ಹೊಸದೇನಲ್ಲ. ತುವಾರೆಗರು ಇಷ್ಟಪಡುವ ತಲ್ಹಾಕಿಮ್ತ್ ಎಂಬ ಕೆಂಪು ಅಕೀಕಿನ (ಅಗೇಟ್ ಕಲ್ಲಿನ) ಪದಕಗಳನ್ನು ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನ ಕಲ್ಲುಕೊಯ್ಯುವವರು ಅವರ ಪೇಟೆಗೆಂದೇ ಮಾಡಿ ಕಳಿಸುತ್ತಿದ್ದರು. ಅದಕ್ಕೂ ಮುಂಚೆ ಆಫ್ರಿಕಾಕ್ಕೆ ಅಕೀಕು ಕಳಿಸುತ್ತಿದ್ದ ಊರುಗಳಲ್ಲಿ ನಮ್ಮ ಗುಜರಾತಿನ ಖಂಭಾತ್ ದೊಡ್ಡದು. ಮುಂದೆ ಅದೇ ಆಕಾರ ಗಾಜಿನಲ್ಲಿ, ಕೊನೆಗೆ ಪ್ಲಾಸ್ಟಿಕ್ಕಿನಲ್ಲೂ ಬಂತು.

ತೋಳ್ಬಳೆ ಕೊಳ್ಳುವವರು ನೋಡಬೇಕಾದದ್ದು ಇಷ್ಟು. ಕಲ್ಲು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಬೇಗ ಬೆಚ್ಚಗಾಗುತ್ತದೆ. ಕೈಯಲ್ಲಿ ಮಾಡಿದ ಬಳೆಯ ದಪ್ಪ ಸುತ್ತಲೂ ಒಂದೇ ಆಗಿರುವುದಿಲ್ಲ. ಅಳೆದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ. ಒಳಗೆ ಸಮನಾದ, ಸಮಾನಾಂತರ ಗೆರೆಗಳ ಸುತ್ತು ಕಂಡರೆ ಯಂತ್ರದ ಕೆಲಸ. ನಿಜವಾಗಿ ಧರಿಸಿದ ಬಳೆಯ ಒಳಮೈ ಬೆವರು ಮತ್ತು ಚರ್ಮದಿಂದ ಮಿರುಗುತ್ತದೆ, ಹೊರ ಅಂಚಿನಲ್ಲಿ ದುಂಡಗಾದ ಹಳೆಯ ಚಕ್ಕೆಗುರುತು ಇರುತ್ತದೆ. ಹೊರಗೆಲ್ಲ ಸವೆದು ಒಳಗೆ ಒರಟಾಗಿದ್ದರೆ 'ಹಳೆಯದು' ಮಾಡಿ ಮಾರುತ್ತಿದ್ದಾರೆ ಎಂದೇ ತಿಳಿಯಬೇಕು. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಬೇಡ, ಕಲ್ಲಾಗಿದ್ದರೂ ಮೈಯ ಕಪ್ಪು ಕೆಡುತ್ತದೆ.

ಹಿತ್ತಾಳೆ ಪಾತ್ರೆ ತೊಳೆಯುವ ಅಭ್ಯಾಸದಲ್ಲಿ ಹುಣಸೆಹಣ್ಣು, ನಿಂಬೆ ಹಚ್ಚಿದರೆ ಹೊಂಬೊರಿಯ ಅಮೃತಶಿಲೆ ನೊರೆಯೆದ್ದು ಕರಗುತ್ತದೆ, ಮೆರುಗು ಹೋಗುತ್ತದೆ. ಕಪ್ಪು ಬಳೆಗೆ ಸೋಪು, ಬಿಸಿನೀರು ಬಿದ್ದರೆ ಜಿಡ್ಡು ಬಿಟ್ಟು ಬೂದು ಮಚ್ಚೆ ಕಾಣಿಸಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬೇಕೆನಿಸಿದರೆ ಒಂದು ಹನಿ ಎಣ್ಣೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಸಾಕು. ಇಡುವಾಗ ಮೊಳೆಗೆ ತೂಗುಹಾಕದೆ ಮೆತ್ತನೆ ಬಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಮತ್ತೆ, ಇದನ್ನು ನೋಡಿ ತಾವೇ ಕೆತ್ತಲು ಹೊರಡುವ ಹವ್ಯಾಸಿಗಳಿಗೆ ಒಂದು ಎಚ್ಚರಿಕೆ: ಸರ್ಪೆಂಟೈನ್ ಮತ್ತು ಬಳಪದ ಕಲ್ಲಿನ ಕೆಲವು ನಿಕ್ಷೇಪಗಳಲ್ಲಿ ಕಲ್ನಾರಿನ ಎಳೆಗಳಿರುತ್ತವೆ, ಶಿಸ್ಟ್‌ನಲ್ಲಿ ಬೆಣಚಿನ ಧೂಳಿರುತ್ತದೆ. ಎರಡೂ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಗ್ರೈಂಡರ್ ಹಿಡಿದು ಒಣಗಲ್ಲನ್ನು ಕೊರೆಯದೆ ನೀರು ಹಾಕಿಕೊಂಡೇ ಉಜ್ಜಬೇಕು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಬೇಕು, ಕೆಸರು ಒಣಗಿ ಪುಡಿಯಾಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು.